ನಾಲ್ಕು ಇಂಚಿನ ಸಾಕ್ಷಿ

ಕಳೆದ ಡಿಸೆಂಬರಿನಲ್ಲಿ ಗೆಳೆಯನೊಬ್ಬ ತನ್ನ ಪುಟ್ಟ ಟೆಲಿಫೋಟೋ ಲೆನ್ಸನ್ನು ನನ್ನ ಕೈಗಿಟ್ಟು, 'ಊರಿಗೆ ಹೋಗ್ತಿದ್ದೀಯಲ್ಲ, ಅಲ್ಲಿ ಆಕಾಶ ಕಪ್ಪಗಿರುತ್ತೆ. ಇದನ್ನೊಂದು ಸಲ ನಕ್ಷತ್ರದ ಮೇಲೆ ಪರೀಕ್ಷೆ ಮಾಡಿ ನೋಡು' ಎಂದ. 200 ಮಿಲಿಮೀಟರಿನ ಲೆನ್ಸು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದಾದಷ್ಟು ಹಗುರ. ಅದರ ಜೊತೆಗೊಂದು ಟ್ರೈಪಾಡ್, ಭೂಮಿಯ ತಿರುಗಾಟಕ್ಕೆ ಸರಿಹೊಂದುವಂತೆ ಕ್ಯಾಮೆರಾವನ್ನು ಮೆಲ್ಲಗೆ ತಿರುಗಿಸುವ ಒಂದು ಸಣ್ಣ ಯಂತ್ರ. ಚಳ್ಳಕೆರೆಯ ಕಡೆಯ ನಮ್ಮ ಊರಿನ ಮಾಳಿಗೆಯ ಮೇಲೆ ಇಷ್ಟನ್ನೂ ಹೂಡಿಕೊಂಡು ಮೂರು ರಾತ್ರಿ ಕೂತೆ.

ಹಗಲಿನಲ್ಲಿ ಆ ಲೆನ್ಸು ತುಂಬ ಒಳ್ಳೆಯದು. ಬೇವಿನ ಮರದ ಎಲೆ, ದೂರದ ಗುಡ್ಡದ ಬಂಡೆ, ತಂತಿಯ ಮೇಲೆ ಕೂತ ಹಕ್ಕಿ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ಬಂದವು. ರಾತ್ರಿಯಾದ ಮೇಲೆ ಅದರ ಗುಟ್ಟುಗಳು ಒಂದೊಂದಾಗಿ ಹೊರಬಿದ್ದವು. ನಕ್ಷತ್ರ ಒಂದು ಚುಕ್ಕಿ. ಚುಕ್ಕಿ ಚುಕ್ಕಿಯಾಗಿಯೇ ಬೀಳಬೇಕು, ಬೇರೆ ಏನಾಗಿ ಬಿದ್ದರೂ ತಪ್ಪು ಗಾಜಿನದು. ಚಿತ್ರದ ನಡುವಿನ ನಕ್ಷತ್ರಗಳು ಸರಿಯಾಗಿದ್ದವು. ಮೂಲೆಯವು ಮಾತ್ರ ರೆಕ್ಕೆ ಬಿಚ್ಚಿದ ಹಕ್ಕಿಗಳ ಹಾಗೆ ಚಾಚಿಕೊಂಡಿದ್ದವು. ಬೆಳ್ಳನೆಯ ನಕ್ಷತ್ರಗಳ ಸುತ್ತ ನೀಲಿಯ ಅಂಚು. ಲೆನ್ಸಿನ ಬಾಯನ್ನು ಒಂದೆರಡು ಹಂತ ಕಿರಿದು ಮಾಡಿದರೆ ಇವೆರಡೂ ಬಹುಪಾಲು ತಗ್ಗುತ್ತಿದ್ದವು, ಆದರೆ ಬೆಳಕೂ ತಗ್ಗುತ್ತಿತ್ತು. ಇದಕ್ಕಿಂತ ದೊಡ್ಡ ಕಾಟ ಬೇರೆ ಇತ್ತು. ರಾತ್ರಿ ಎಂಟಕ್ಕೆ ಚೊಕ್ಕಟವಾಗಿ ಫೋಕಸ್ ಮಾಡಿದ್ದರೂ ಹನ್ನೊಂದರ ಹೊತ್ತಿಗೆ ನಕ್ಷತ್ರಗಳು ಊದಿಕೊಂಡಿರುತ್ತಿದ್ದವು. ನಾನು ಏನನ್ನೂ ಮುಟ್ಟಿರಲಿಲ್ಲ. ಚಳಿ ಏರುತ್ತಿದ್ದಂತೆ ಲೋಹ ಕುಗ್ಗಿ, ಗಾಜು ಕುಗ್ಗಿ, ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಫೋಕಸ್ ಸರಿದುಬಿಟ್ಟಿತ್ತು.

ಅಂಥ ಚಿತ್ರಗಳನ್ನೆಲ್ಲ ಅಲ್ಲೇ ಕೂತು ಅಳಿಸಿಹಾಕಿದೆ. ಚೆನ್ನಾಗಿ ಬಂದ ಹದಿನೈದಿಪ್ಪತ್ತನ್ನು ಮಾತ್ರ ಇಟ್ಟುಕೊಂಡೆ. ಈ ಅಳಿಸುವ ಕೆಲಸದ ಮಾತಿಗೆ ಆಮೇಲೆ ಬರುತ್ತೇನೆ.

ಎರಡನೆಯ ರಾತ್ರಿ ಅಜ್ಜಿ ಕಂಬಳಿ ಹೊದ್ದುಕೊಂಡು ಮೇಲೆ ಬಂದಳು. ಯಾವ ಚುಕ್ಕಿ ಹಿಡಿಯುತ್ತಿದ್ದೀಯ ಎಂದು ಕೇಳಿದಳು. ರೋಹಿಣಿ ಎಂದೆ. ಅಜ್ಜಿ ಕೊಂಚ ಹೊತ್ತು ನೋಡಿ, 'ರೋಹಿಣಿ ಮಳೆ ಬರೋ ಕಾಲದಾಗೆ ಈ ಚುಕ್ಕಿ ಕಾಣಂಗಿಲ್ಲ ಬಿಡು' ಎಂದಳು. ಇದು ರೈತರಿಗೆಲ್ಲ ಗೊತ್ತಿರುವ ಲೆಕ್ಕ. ಮಳೆ ನಕ್ಷತ್ರ ಎಂದರೆ ಆ ಹದಿಮೂರು ಹದಿನಾಲ್ಕು ದಿನ ಸೂರ್ಯ ಇರುವ ನಕ್ಷತ್ರ. ಮೇ ತಿಂಗಳ ಕೊನೆಯ ವಾರದಲ್ಲಿ ಸೂರ್ಯ ರೋಹಿಣಿಗೆ ಬರುತ್ತಾನೆ, ಹಾಗಾಗಿ ರೋಹಿಣಿ ಅವನ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಆ ಚುಕ್ಕಿಯನ್ನು ಕತ್ತಲಲ್ಲಿ ನೋಡಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು.

ಅಜ್ಜಿಯ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು 1919ರ ಮೇ 29. ಅದೂ ರೋಹಿಣಿ ಮಳೆಯ ಕಾಲವೇ. ಅವತ್ತು ಹಗಲಿನಲ್ಲೇ ಐದು ನಿಮಿಷ ಕತ್ತಲಾಗಿ, ಸೂರ್ಯನ ಪಕ್ಕದ ನಕ್ಷತ್ರಗಳು ಕಂಡವು. ರೋಹಿಣಿಯ ಕೊಂಚ ಉತ್ತರಕ್ಕೆ, ವೃಷಭ ರಾಶಿಯ ಕೆಲವು ಚುಕ್ಕಿಗಳು. ಅವುಗಳ ಫೋಟೋ ತೆಗೆಯಲು ನಾಲ್ವರು ಇಂಗ್ಲೆಂಡಿನಿಂದ ಲೆನ್ಸುಗಳನ್ನು ಹಡಗಿಗೇರಿಸಿಕೊಂಡು ಸಾವಿರಾರು ಮೈಲಿ ಹೋಗಿದ್ದರು. ಐನ್‌ಸ್ಟೈನರನ್ನು ಲೋಕವಿಖ್ಯಾತರನ್ನಾಗಿಸಿದ ಗ್ರಹಣ ಎಂದು ಅದರ ಕತೆಯನ್ನು ನಾವೆಲ್ಲ ಓದಿದ್ದೇವೆ. ಆದರೆ ಆ ಕತೆಯ ಒಳಗೆ ಇನ್ನೊಂದು ಕತೆಯಿದೆ. ಒಂದು ದೊಡ್ಡ ಲೆನ್ಸು ಮತ್ತು ಒಂದು ಸಣ್ಣ ಲೆನ್ಸು ಒಂದೇ ಊರಿನಲ್ಲಿ, ಒಂದೇ ಆಕಾಶವನ್ನು, ಒಂದೇ ಐದು ನಿಮಿಷದಲ್ಲಿ ನೋಡಿ ಬೇರೆ ಬೇರೆ ಸಾಕ್ಷಿ ಹೇಳಿದ ಕತೆ.

*

ಪ್ರಶ್ನೆ ಸರಳವಾಗಿತ್ತು. ಭಾರವಾದ ವಸ್ತುವಿನ ಪಕ್ಕದಲ್ಲಿ ಹಾದುಬರುವ ಬೆಳಕು ಬಾಗುತ್ತದೆಯೇ? ಬಾಗಿದರೆ ಎಷ್ಟು? ನ್ಯೂಟನ್ನರ ಗುರುತ್ವದ ಲೆಕ್ಕವನ್ನು ಬೆಳಕಿಗೂ ಹಚ್ಚಿದರೆ, ಸೂರ್ಯನ ಅಂಚನ್ನು ಸವರಿ ಬರುವ ಕಿರಣ 0.87 ಆರ್ಕ್ ಸೆಕೆಂಡಿನಷ್ಟು ಬಾಗಬೇಕು. ಐನ್‌ಸ್ಟೈನ್ 1915ರ ಕೊನೆಯಲ್ಲಿ ತಲುಪಿದ ಲೆಕ್ಕದ ಪ್ರಕಾರ ಅದರ ಎರಡರಷ್ಟು, ಅಂದರೆ 1.75. ನಮ್ಮ ಪಂಚಾಂಗದವರು ಈ ಆರ್ಕ್ ಸೆಕೆಂಡನ್ನೇ ವಿಕಲೆ ಎನ್ನುತ್ತಾರೆ. ಒಂದು ಡಿಗ್ರಿಗೆ 3600 ವಿಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 1800 ವಿಕಲೆ. ಅಂದರೆ ಚಂದ್ರನನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ಅಗಲವನ್ನು ಇವರು ಅಳೆಯಬೇಕಿತ್ತು. ಅದೂ ಸೂರ್ಯನ ಅಂಚಿನಲ್ಲಿ ಮಾತ್ರ. ಅಂಚಿನಿಂದ ದೂರ ಸರಿದಂತೆ ಬಾಗು ಕಡಿಮೆಯಾಗುತ್ತದೆ, ಫೋಟೋದಲ್ಲಿ ಸಿಗುವ ನಕ್ಷತ್ರಗಳೆಲ್ಲ ಹಾಗೆ ದೂರದವೇ.

ಅಳೆಯುವ ಉಪಾಯವೂ ಸರಳ. ಸೂರ್ಯ ಪಕ್ಕದಲ್ಲಿರುವಾಗ ನಕ್ಷತ್ರಗಳ ಒಂದು ಚಿತ್ರ, ಸೂರ್ಯ ಅಲ್ಲಿಲ್ಲದ ಕಾಲದಲ್ಲಿ ಅದೇ ನಕ್ಷತ್ರಗಳ ಇನ್ನೊಂದು ಚಿತ್ರ. ಎರಡನ್ನೂ ಒಂದರ ಮೇಲೊಂದಿಟ್ಟು ಯಾವ ಚುಕ್ಕಿ ಎಷ್ಟು ಸರಿದಿದೆ ಎಂದು ನೋಡುವುದು. ಮೊದಲನೆಯದಕ್ಕೆ ಖಗ್ರಾಸ ಗ್ರಹಣ ಬೇಕು. ಎರಡನೆಯದಕ್ಕೆ ನಮ್ಮ ಅಜ್ಜಿ ಹೇಳಿದ ಹಾಗೆ ಕಾಯಬೇಕು.

ಸರಳವಾದದ್ದು ಅಷ್ಟೇ. 1912ರಲ್ಲಿ ಬ್ರೆಜಿಲ್‌ಗೆ ಹೋದವರನ್ನು ಮಳೆ ತೋಯಿಸಿ ಕಳಿಸಿತು. 1914ರ ಆಗಸ್ಟಿನಲ್ಲಿ ಜರ್ಮನಿಯ ಫ್ರಾಯಿಂಡ್ಲಿಶ್ ಕ್ರಿಮಿಯಾಕ್ಕೆ ಹೋದಾಗ ಯುದ್ಧ ಶುರುವಾಗಿ, ರಷ್ಯನ್ನರು ಅವರನ್ನು ಸೆರೆ ಹಿಡಿದರು. ಅದೇ ಗ್ರಹಣಕ್ಕೆ ರಷ್ಯಾಕ್ಕೆ ಹೋಗಿದ್ದ ಅಮೆರಿಕದ ಲಿಕ್ ವೀಕ್ಷಣಾಲಯದವರಿಗೆ ಮೋಡ ಅಡ್ಡ ಬಂತು, ಜೊತೆಗೆ ಅವರ ಒಳ್ಳೆಯ ಉಪಕರಣಗಳು ಯುದ್ಧದ ಗಲಾಟೆಯಲ್ಲಿ ಅಲ್ಲೇ ಉಳಿದುಹೋದವು. 1918ರಲ್ಲಿ ಅವರದೇ ನಾಡಿನ ಗೋಲ್ಡನ್‌ಡೇಲ್‌ನಲ್ಲಿ ಗ್ರಹಣವಾದಾಗ ಆ ಉಪಕರಣ ಇನ್ನೂ ವಾಪಸು ಬಂದಿರಲಿಲ್ಲ. ಕಡ ತಂದ ಲೆನ್ಸುಗಳಲ್ಲಿ ತೆಗೆದ ಚಿತ್ರಗಳಿಂದ ಹೌದು ಅಂತಲೂ ಅಲ್ಲ ಅಂತಲೂ ಹೇಳಲಾಗಲಿಲ್ಲ.

1919ರ ಗ್ರಹಣ ಹಾದುಹೋಗುವ ಜಾಗ ನಕ್ಷತ್ರಗಳ ದಟ್ಟಣೆ ಇರುವ ರೋಹಿಣಿಯ ನೆರೆ ಎಂಬುದನ್ನು ಮೊದಲೇ ಗುರುತಿಸಿ, ಪ್ರಯಾಣದ ಸಿದ್ಧತೆಗೆ ಕೈ ಹಚ್ಚಿದವರು ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಫ್ರಾಂಕ್ ಡೈಸನ್. ಉಪಕರಣಕ್ಕೆ 100 ಪೌಂಡ್, ಪ್ರಯಾಣಕ್ಕೆ 1000 ಪೌಂಡ್ ಸರ್ಕಾರದಿಂದ ಮಂಜೂರಾಯಿತು. ಕೇಂಬ್ರಿಜ್‌ನ ಆರ್ಥರ್ ಎಡಿಂಗ್ಟನ್ ಮತ್ತು ಗಡಿಯಾರದ ಕೆಲಸದಲ್ಲಿ ನುರಿತ ಕಾಟಿಂಗ್‌ಹ್ಯಾಮ್ ಆಫ್ರಿಕಾದ ಪಶ್ಚಿಮ ಕರಾವಳಿಯಾಚೆಯ ಪ್ರಿನ್ಸಿಪೆ ದ್ವೀಪಕ್ಕೆ ಹೋಗುವುದು. ಗ್ರೀನಿಚ್‌ನ ಚಾರ್ಲ್ಸ್ ಡೇವಿಡ್ಸನ್ ಮತ್ತು ಆಂಡ್ರ್ಯೂ ಕ್ರೊಮೆಲಿನ್ ಬ್ರೆಜಿಲ್‌ನ ಈಶಾನ್ಯದ ಸೊಬ್ರಾಲ್ ಎಂಬ ಊರಿಗೆ ಹೋಗುವುದು. ನಾಲ್ವರೂ 1919ರ ಮಾರ್ಚ್ 8ರಂದು ಲಿವರ್‌ಪೂಲ್‌ನಿಂದ ಒಂದೇ ಹಡಗಿನಲ್ಲಿ ಹೊರಟರು.

*

ಈಗ ಅವರ ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚಿ ನೋಡೋಣ.

ಎರಡೂ ತಂಡಗಳ ಮುಖ್ಯ ಅಸ್ತ್ರ ಆಸ್ಟ್ರೋಗ್ರಾಫಿಕ್ ಎಂಬ ಹೆಸರಿನ ಲೆನ್ಸು. 13 ಇಂಚು ಅಗಲ, ಸುಮಾರು 3.4 ಮೀಟರ್ ಫೋಕಲ್ ಉದ್ದ. ಒಂದು ಗ್ರೀನಿಚ್‌ನದು, ಇನ್ನೊಂದು ಆಕ್ಸ್‌ಫರ್ಡ್‌ನದು. ಈ ಲೆನ್ಸುಗಳಿಗೊಂದು ವಂಶವೃಕ್ಷವಿದೆ. 1882ರಲ್ಲಿ ದೊಡ್ಡದೊಂದು ಧೂಮಕೇತು ಕಾಣಿಸಿಕೊಂಡಾಗ ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದ ಡೇವಿಡ್ ಗಿಲ್, ಸ್ಥಳೀಯ ಫೋಟೋಗ್ರಾಫರ್ ಒಬ್ಬರ ನೆರವಿನಿಂದ, ಜನರ ಭಾವಚಿತ್ರ ತೆಗೆಯುವ ಸಣ್ಣ ಲೆನ್ಸಿನ ಕ್ಯಾಮೆರಾವನ್ನು ದೂರದರ್ಶಕದ ಬೆನ್ನಿಗೆ ಕಟ್ಟಿ ಅದರ ಚಿತ್ರ ತೆಗೆದರು. ಧೂಮಕೇತುವಿನ ಜೊತೆಗೆ ಹಿಂದಿನ ನಕ್ಷತ್ರಗಳೂ ರಾಶಿರಾಶಿಯಾಗಿ ಮೂಡಿದ್ದವು. ಹಾಗಿದ್ದರೆ ಇಡೀ ಆಕಾಶದ ನಕ್ಷೆಯನ್ನೇ ಫೋಟೋದಲ್ಲಿ ತೆಗೆಯಬಹುದಲ್ಲ ಎಂಬ ಯೋಚನೆಗೆ ಅದು ಬಲ ಕೊಟ್ಟಿತು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಳಜ್ಞರು ಆಕಾಶವನ್ನು ಹಂಚಿಕೊಂಡು ಆ ಕೆಲಸಕ್ಕೆ ಕೈ ಹಾಕಿದರು. ನಮ್ಮ ನೆರೆಯ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಮುಂದೆ ಅದರಲ್ಲಿ ಪಾಲು ತೆಗೆದುಕೊಂಡಿತು. ಆಸ್ಟ್ರೋಗ್ರಾಫಿಕ್ ಲೆನ್ಸುಗಳು ಹುಟ್ಟಿದ್ದೇ ಆ ಯೋಜನೆಗಾಗಿ. ನಕ್ಷತ್ರದ ಸ್ಥಾನ ಹಿಡಿಯುವುದರಲ್ಲಿ ಅವುಗಳನ್ನು ಮೀರಿಸುವವು ಇಲ್ಲ ಎಂದು ಹೆಸರಾಗಿದ್ದವು.

ಆದರೆ ಮನೆಯಲ್ಲಿ ಕಾಯಂ ಕಂಬದ ಮೇಲೆ ಕೂತ ಲೆನ್ಸು ಒಂದು, ಹೊತ್ತುಕೊಂಡು ಹೋದ ಲೆನ್ಸು ಇನ್ನೊಂದು. ಅಷ್ಟು ದೊಡ್ಡ ಯಂತ್ರಪೀಠವನ್ನು ಹಡಗಿನಲ್ಲಿ ಸಾಗಿಸುವುದು ಆಗದ ಮಾತು. ಆದ್ದರಿಂದ ಲೆನ್ಸು ಮತ್ತು ಕೊಳವೆಯನ್ನು ನೆಲಕ್ಕೆ ಸಮನಾಗಿ ಮಲಗಿಸಿ, ಮುಂದೆ ಒಂದು ಕನ್ನಡಿಯಿಟ್ಟು, ಗಡಿಯಾರದ ಯಂತ್ರದಿಂದ ಆ ಕನ್ನಡಿಯನ್ನು ತಿರುಗಿಸುವ ಏರ್ಪಾಡು ಮಾಡಿಕೊಂಡರು. ಸೀಲೋಸ್ಟಾಟ್ ಎಂದು ಅದರ ಹೆಸರು. ನನ್ನ ಟ್ರೈಪಾಡಿನ ಮೇಲಿನ ಪುಟ್ಟ ಯಂತ್ರದ ಹಿರಿಯಣ್ಣ. ಲೆನ್ಸಿನ ಅಂಚಿನ ದೋಷ ತಗ್ಗಿಸಲು 13 ಇಂಚಿನ ಬಾಯಿಯನ್ನು 8 ಇಂಚಿಗೆ ಮುಚ್ಚಿದರು. ಮಾಳಿಗೆಯ ಮೇಲೆ ನಾನು ಮಾಡಿದ್ದೂ ಅದನ್ನೇ.

ಈ ದೊಡ್ಡ ಲೆನ್ಸಿನ ಪಕ್ಕದಲ್ಲಿ ಸೊಬ್ರಾಲ್ ತಂಡ ಇನ್ನೊಂದನ್ನೂ ಒಯ್ದಿತ್ತು. ಅದರ ಅಗಲ ನಾಲ್ಕೇ ಇಂಚು, ಅಂಗೈಯಷ್ಟು. ಫೋಕಲ್ ಉದ್ದ ಮಾತ್ರ 19 ಅಡಿ. ಅದು ರಾಯಲ್ ಐರಿಷ್ ಅಕಾಡೆಮಿಯ ಸ್ವತ್ತು. ಒಯ್ಯಿರಿ ಎಂದು ಸಲಹೆ ಕೊಟ್ಟವರು ಜೆಸ್ವಿಟ್ ಪಾದ್ರಿ ಮತ್ತು ಖಗೋಳಜ್ಞ ಫಾದರ್ ಕಾರ್ಟಿ. 1914ರ ಗ್ರಹಣದಲ್ಲಿ ಸ್ವೀಡನ್ನಿನ ಹೆರ್ನೊಸಾಂಡ್‌ನಲ್ಲಿ ಅದೇ ಲೆನ್ಸನ್ನು ಬಳಸಿ, ಅದು ಹೊರನಾಡಿನಲ್ಲಿ, ಗುಡಾರದಲ್ಲಿ, ಅವಸರದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅವರು ಕಂಡಿದ್ದರು. ಸೊಬ್ರಾಲ್‌ಗೆ ಅವರೇ ಹೋಗುವುದೆಂದಿತ್ತು, ಆಗಲಿಲ್ಲ. ಅವರ ಬದಲಿಗೆ ಕ್ರೊಮೆಲಿನ್ ಹೋದರು. ಕಾರ್ಟಿಯವರ ಬದಲು ಅವರು ಪರೀಕ್ಷಿಸಿದ್ದ ಲೆನ್ಸು ಹೋಯಿತು ಎಂದೂ ಹೇಳಬಹುದು. ಅದಕ್ಕೆ 8 ಇಂಚಿನ ಪುಟ್ಟ ಕನ್ನಡಿ ಸಾಕಾಯಿತು. ದೊಡ್ಡ ಲೆನ್ಸಿಗೆ 16 ಇಂಚಿನ ಕನ್ನಡಿ.

ಸೊಬ್ರಾಲ್‌ನಲ್ಲಿ ಕುದುರೆ ಪಂದ್ಯದ ಮೈದಾನವೇ ಅವರ ಬೀಡು. ಎರಡೂ ಕೊಳವೆಗಳನ್ನು ಪಕ್ಕಪಕ್ಕದಲ್ಲೇ ಮಲಗಿಸಿದರು. ಗ್ರಹಣದ ಬೆಳಿಗ್ಗೆ ಆಕಾಶದ ತುಂಬ ಮೋಡ. ಸೂರ್ಯ ಪೂರ್ತಿ ಮುಚ್ಚಲು ಒಂದು ನಿಮಿಷವಿದೆ ಎನ್ನುವಾಗ ಅವನ ಸುತ್ತ ದೊಡ್ಡದೊಂದು ಬಯಲು ತೆರೆದುಕೊಂಡಿತು. ಐದು ನಿಮಿಷ ಚಿಲ್ಲರೆ ಕತ್ತಲಲ್ಲಿ ದೊಡ್ಡ ಲೆನ್ಸಿನಿಂದ 5 ಮತ್ತು 10 ಸೆಕೆಂಡಿನ 19 ಚಿತ್ರಗಳು, ಸಣ್ಣ ಲೆನ್ಸಿನಿಂದ 28 ಸೆಕೆಂಡಿನ 8 ಚಿತ್ರಗಳು ಗಾಜಿನ ಪ್ಲೇಟುಗಳ ಮೇಲೆ ಬಿದ್ದವು. ಅತ್ತ ಪ್ರಿನ್ಸಿಪೆಯಲ್ಲಿ ಎಡಿಂಗ್ಟನ್‌ಗೆ ಅಷ್ಟು ಅದೃಷ್ಟವಿರಲಿಲ್ಲ. ಬೆಳಿಗ್ಗೆ ಗುಡುಗು ಮಳೆ, ಆಮೇಲೆ ಬಿಡದ ಮೋಡ. ತೆಗೆದ 16ರಲ್ಲಿ ಕೊನೆಗೆ ಲೆಕ್ಕಕ್ಕೆ ಬಂದವು ಎರಡು ಪ್ಲೇಟು, ಒಂದೊಂದರಲ್ಲಿ ಐದೈದು ನಕ್ಷತ್ರ.

*

ಮೇ 30ರ ಬೆಳಗಿನ ಜಾವ ಮೂರು ಗಂಟೆ. ಸೊಬ್ರಾಲ್‌ನಲ್ಲಿ ದೊಡ್ಡ ಲೆನ್ಸಿನ ನಾಲ್ಕು ಪ್ಲೇಟುಗಳನ್ನು ತೊಳೆದು ನೋಡಿದರು. ನಕ್ಷತ್ರಗಳೇನೋ ಇದ್ದವು, ಆದರೆ ಚುಕ್ಕಿಗಳು ಹರಡಿಕೊಂಡಿದ್ದವು. ಫೋಕಸ್ ಕೆಟ್ಟಿತ್ತು. ಹಿಂದಿನ ರಾತ್ರಿಗಳಲ್ಲಿ ಪರೀಕ್ಷೆ ಮಾಡಿ ಕೂರಿಸಿದ್ದ ಫೋಕಸ್ ಅದು, ಯಾರೂ ಮುಟ್ಟಿರಲಿಲ್ಲ. ಹಗಲಿನ ಬಿಸಿಲಿಗೆ ಕನ್ನಡಿ ಸಮನಾಗಿ ಹಿಗ್ಗದೆ ಅದರ ಆಕಾರ ಕೆಟ್ಟಿರಬೇಕು ಎಂದು ಅಂದೇ ಬರೆದಿಟ್ಟರು. ಈ ಪ್ಲೇಟುಗಳಿಂದ ಹೆಚ್ಚೇನೂ ಸಿಗಲಾರದು ಎಂಬ ಅನುಮಾನವನ್ನೂ ಬರೆದಿಟ್ಟರು. ಪಕ್ಕದಲ್ಲೇ ಇದ್ದ ಸಣ್ಣ ಲೆನ್ಸಿನ ಚಿತ್ರಗಳು ಚೊಕ್ಕಟವಾಗಿದ್ದವು. ಎಂಟರಲ್ಲಿ ಒಂದು ಮೋಡಕ್ಕೆ ಹೋಯಿತು, ಉಳಿದ ಏಳರಲ್ಲೂ ಏಳೇಳು ನಕ್ಷತ್ರ.

ಸೊಬ್ರಾಲ್ ತಂಡ ಜುಲೈವರೆಗೆ ಬ್ರೆಜಿಲ್‌ನಲ್ಲೇ ಉಳಿಯಿತು. ಸೂರ್ಯ ಮುಂದೆ ಸರಿದು, ಅದೇ ನಕ್ಷತ್ರಗಳು ಬೆಳಗಿನ ಜಾವದ ಕತ್ತಲಲ್ಲಿ ಮೇಲೇರಿದಾಗ, ಅದೇ ಜಾಗದಲ್ಲಿ, ಅದೇ ಲೆನ್ಸುಗಳಿಂದ ಹೋಲಿಕೆಯ ಚಿತ್ರ ತೆಗೆದರು. ಆಗ ದೊಡ್ಡ ಲೆನ್ಸಿನ ಫೋಕಸ್ ತಾನಾಗಿಯೇ ಸರಿಹೋಗಿತ್ತು! ಪ್ರಿನ್ಸಿಪೆಯ ಎಡಿಂಗ್ಟನ್ ಅಷ್ಟು ದಿನ ಉಳಿಯಲಾಗಲಿಲ್ಲ, ಹಡಗು ಕಂಪನಿಯ ಮುಷ್ಕರದ ಭಯದಿಂದ ಬೇಗ ಹೊರಟರು. ಅವರ ಹೋಲಿಕೆಗೆ ಸಿಕ್ಕಿದ್ದು ಜನವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೆಗೆದಿದ್ದ ಪ್ಲೇಟುಗಳು. ಎರಡು ಜಾಗದ ನಡುವೆ ಲೆನ್ಸಿನ ನಡತೆ ಬದಲಾಗಿದೆಯೇ ಎಂದು ತಿಳಿಯಲು ಸ್ವಾತಿ ನಕ್ಷತ್ರದ ಸುತ್ತಲಿನ ಆಕಾಶವನ್ನು ಎರಡೂ ಕಡೆ ಚಿತ್ರಿಸಿ ತಾಳೆ ನೋಡಿದರು.

ಇಂಗ್ಲೆಂಡಿಗೆ ಮರಳಿದ ಮೇಲೆ ಅಳತೆ ಶುರುವಾಯಿತು. ಸಣ್ಣ ಲೆನ್ಸಿನ ಪ್ಲೇಟಿನಲ್ಲಿ ಒಂದು ವಿಕಲೆ ಎಂದರೆ 0.028 ಮಿಲಿಮೀಟರ್. ದೊಡ್ಡ ಲೆನ್ಸಿನ ಫೋಕಲ್ ಉದ್ದ ಕಡಿಮೆ, ಆದ್ದರಿಂದ ಅದರ ಪ್ಲೇಟಿನಲ್ಲಿ ಇನ್ನೂ ಕಡಿಮೆ, ಸುಮಾರು 0.017. ನಮ್ಮ ಕೂದಲೆಳೆ ಇವೆರಡಕ್ಕಿಂತ ದಪ್ಪ. ಅಳೆದು, ಲೆಕ್ಕ ಮಾಡಿ, ಸೂರ್ಯನ ಅಂಚಿಗೆ ತಂದು ನಿಲ್ಲಿಸಿದಾಗ ಬಂದ ಉತ್ತರಗಳು ಮೂರು. ಸೊಬ್ರಾಲ್‌ನ ನಾಲ್ಕು ಇಂಚಿನ ಲೆನ್ಸು 1.98 ಎಂದಿತು, ಹೆಚ್ಚುಕಡಿಮೆ 0.12ರ ಅಂತರದಲ್ಲಿ. ಪ್ರಿನ್ಸಿಪೆಯ ಆಸ್ಟ್ರೋಗ್ರಾಫಿಕ್ 1.61 ಎಂದಿತು, ಅಂತರ 0.30. ಸೊಬ್ರಾಲ್‌ನ ಆಸ್ಟ್ರೋಗ್ರಾಫಿಕ್ 0.93 ಎಂದಿತು.

ಈ ಮೂರನೆಯ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ಐನ್‌ಸ್ಟೈನ್ ಹೇಳಿದ್ದು 1.75. ನ್ಯೂಟನ್ನರ ಲೆಕ್ಕ 0.87. ಹೆಸರಾಂತ ಲೆನ್ಸು, ಹೆಚ್ಚು ಪ್ಲೇಟುಗಳ ಬಲವಿದ್ದ ಲೆನ್ಸು, ನ್ಯೂಟನ್ನರ ಪಕ್ಕದಲ್ಲಿ ಹೋಗಿ ನಿಂತಿತ್ತು.

1919ರ ನವೆಂಬರ್ 6ರಂದು ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಮತ್ತು ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಗಳ ಜಂಟಿ ಸಭೆಯಲ್ಲಿ ಡೈಸನ್ ಮತ್ತು ಜೊತೆಗಾರರು ಫಲಿತಾಂಶ ಹೇಳಿದರು. ಮೊದಲೆರಡು ಸಂಖ್ಯೆಗಳ ಆಧಾರದ ಮೇಲೆ ತೀರ್ಪು ಐನ್‌ಸ್ಟೈನ್ ಪರ. ಮೂರನೆಯದಕ್ಕೆ ಹೆಚ್ಚು ತೂಕ ಕೊಡಲಿಲ್ಲ. ಮುಂದಿನ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿಯ ಅಬ್ಬರ ನಮ್ಮ ಕಲ್ಕತ್ತಕ್ಕೂ ತಲುಪಿತು. ಮೇಘನಾದ ಸಹಾ ಆ ಬಗ್ಗೆ ಅಲ್ಲಿನ ಪತ್ರಿಕೆಗೆ ಬರೆದರು. ಮರುವರ್ಷ ಅವರು ಮತ್ತು ಸತ್ಯೇಂದ್ರನಾಥ ಬೋಸ್ ಸೇರಿ ಮಾಡಿದ ಸಾಪೇಕ್ಷತಾ ಲೇಖನಗಳ ಇಂಗ್ಲಿಷ್ ಅನುವಾದವನ್ನು ಕಲ್ಕತ್ತ ವಿಶ್ವವಿದ್ಯಾಲಯ ಪ್ರಕಟಿಸಿತು.

*

ನಾನು ಇತಿಹಾಸದ ವಿದ್ಯಾರ್ಥಿ, ಭೌತಶಾಸ್ತ್ರದವಳಲ್ಲ. ನನ್ನ ಆಸಕ್ತಿ ಇರುವುದು ಆ ಮೂರನೆಯ ಸಂಖ್ಯೆಯ ಮುಂದಿನ ಪಾಡಿನಲ್ಲಿ.

1980ರಲ್ಲಿ ಜಾನ್ ಅರ್ಮನ್ ಮತ್ತು ಕ್ಲಾರ್ಕ್ ಗ್ಲೈಮರ್ ಎಂಬ ವಿಜ್ಞಾನ ತತ್ವಶಾಸ್ತ್ರಜ್ಞರು ಈ ನಿರ್ಧಾರವನ್ನು ಕೆದಕಿದರು. ಬೇಕಾದ ಉತ್ತರ ಕೊಟ್ಟ ಪ್ಲೇಟುಗಳನ್ನು ಇಟ್ಟುಕೊಂಡು ಬೇಡದ್ದನ್ನು ಪಕ್ಕಕ್ಕೆ ಸರಿಸಿದಂತೆ ಕಾಣುತ್ತದಲ್ಲ ಎಂಬುದು ಅವರ ವಾದದ ತಿರುಳು. ಎಡಿಂಗ್ಟನ್‌ಗೆ ಐನ್‌ಸ್ಟೈನರ ಸಿದ್ಧಾಂತದ ಮೇಲಿದ್ದ ಒಲವು ಗುಟ್ಟಿನ ವಿಷಯವಲ್ಲ. ಯುದ್ಧವನ್ನು ವಿರೋಧಿಸಿದ್ದ ಕ್ವೇಕರ್ ಅವರು, ಜರ್ಮನಿಯ ವಿಜ್ಞಾನಿಯ ಮಾತನ್ನು ಇಂಗ್ಲಿಷರು ಪರೀಕ್ಷಿಸಿ ಒಪ್ಪುವುದರಲ್ಲಿ ಶಾಂತಿಯ ದಾರಿ ಕಂಡವರು. ಅಂಥವರ ಕೈಯಲ್ಲಿ ತಕ್ಕಡಿ ಒಂದು ಕಡೆಗೆ ವಾಲಿರಬಹುದೇ? ಈ ಅನುಮಾನ ಎಷ್ಟು ಹಬ್ಬಿತೆಂದರೆ, 1919ರ ಗ್ರಹಣ ಎಂದರೆ ವಿಜ್ಞಾನಿಗಳ ಕೈಚಳಕಕ್ಕೊಂದು ಮಾದರಿ ಎಂದು ಹೇಳುವವರು ಇವತ್ತಿಗೂ ಸಿಗುತ್ತಾರೆ.

ಮೊದಲು ಯಂತ್ರದ ಮಾತು ನೋಡೋಣ. ಫೋಕಸ್ ಕೆಟ್ಟರೆ ಚುಕ್ಕಿ ಹರಡುವುದಷ್ಟೇ ಅಲ್ಲ, ಚಿತ್ರದ ಅಳತೆಯೇ ಬದಲಾಗುತ್ತದೆ. ಬಲೂನಿನ ಮೇಲೆ ಚುಕ್ಕಿ ಇಟ್ಟು ಊದಿದ ಹಾಗೆ, ನಡುವಿನಿಂದ ದೂರವಿದ್ದ ಚುಕ್ಕಿ ಹೆಚ್ಚು ಸರಿಯುತ್ತದೆ, ಹತ್ತಿರದ್ದು ಕಡಿಮೆ. ಗುರುತ್ವದಿಂದ ಆಗುವುದು ಇದರ ತಿರುವುಮುರುವು. ಸೂರ್ಯನ ಹತ್ತಿರದ ಚುಕ್ಕಿ ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಚಿತ್ರದಲ್ಲಿ ಎರಡೂ ಬೆರೆತಿದ್ದಾಗ ಯಾವುದು ಎಷ್ಟು ಎಂದು ಬಿಡಿಸಬೇಕಾದರೆ ಚುಕ್ಕಿಗಳು ಚೂಪಾಗಿರಬೇಕು. ಸೊಬ್ರಾಲ್‌ನ ದೊಡ್ಡ ಲೆನ್ಸಿನಲ್ಲಿ ಅದಿರಲಿಲ್ಲ. ಅಳತೆ ಬದಲಾಗಿಲ್ಲ ಎಂದುಕೊಂಡು ಅದೇ ಪ್ಲೇಟುಗಳ ಲೆಕ್ಕ ಮಾಡಿದರೆ ಉತ್ತರ 0.93ರಿಂದ 1.52ಕ್ಕೆ ಜಿಗಿಯುತ್ತಿತ್ತು. ಒಂದು ಊಹೆ ಬದಲಿಸಿದರೆ ಇಷ್ಟು ಜಿಗಿಯುವ ಸಂಖ್ಯೆಯನ್ನು ನ್ಯೂಟನ್ನರ ಪರವಾದ ಸಾಕ್ಷಿ ಎನ್ನುವುದೂ ಕಷ್ಟ, ಐನ್‌ಸ್ಟೈನರ ಪರ ಎನ್ನುವುದೂ ಕಷ್ಟ.

ಎರಡನೆಯದು ಮನುಷ್ಯರ ಮಾತು. ವಿಜ್ಞಾನದ ಇತಿಹಾಸಕಾರ ಡೇನಿಯಲ್ ಕೆನೆಫಿಕ್ ಹಳೆಯ ದಾಖಲೆಗಳನ್ನು ಮತ್ತೆ ಓದಿ, ಮೊದಲು ಲೇಖನಗಳಲ್ಲಿ, ಆಮೇಲೆ 2019ರ ಪುಸ್ತಕದಲ್ಲಿ ತೋರಿಸಿದ್ದು ಇದು: ಸೊಬ್ರಾಲ್‌ನ ಪ್ಲೇಟುಗಳ ಲೆಕ್ಕ ನಡೆದದ್ದು ಗ್ರೀನಿಚ್‌ನಲ್ಲಿ, ಡೈಸನ್ ಮತ್ತು ಡೇವಿಡ್ಸನ್ ಕೈಯಲ್ಲಿ. ಎಡಿಂಗ್ಟನ್ ಕೈಯಲ್ಲಲ್ಲ. ಡೈಸನ್‌ಗೆ ಹೊಸ ಸಿದ್ಧಾಂತದ ಮೇಲೆ ಎಡಿಂಗ್ಟನ್‌ಗಿದ್ದಷ್ಟು ಮೋಹವಿರಲಿಲ್ಲ. 1979ರಲ್ಲಿ ಗ್ರೀನಿಚ್‌ನವರೇ ಸೊಬ್ರಾಲ್‌ನ ಹಳೆಯ ಪ್ಲೇಟುಗಳನ್ನು ಹೊಸ ಯಂತ್ರದಲ್ಲಿಟ್ಟು ಮತ್ತೆ ಅಳೆದಿದ್ದರು. ನಾಲ್ಕು ಇಂಚಿನ ಲೆನ್ಸು ಆಗ 1.90 ಎಂದಿತು. ಫೋಕಸ್ ಕೆಟ್ಟಿದ್ದ ದೊಡ್ಡ ಲೆನ್ಸು 1.55 ಎಂದಿತು, ಹೆಚ್ಚುಕಡಿಮೆ 0.34ರ ಅಂತರದಲ್ಲಿ. ಅರವತ್ತು ವರ್ಷ ಕಳೆದ ಮೇಲೆ ದೊಡ್ಡಣ್ಣ ತಮ್ಮನ ಕಡೆಗೆ ಸರಿದು ಕೂತಿದ್ದ.

ಇಷ್ಟಾದರೂ ವಿಮರ್ಶಕರ ಪ್ರಶ್ನೆಯನ್ನು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಎಷ್ಟು ತೂಕ ಕೊಡಬೇಕೆಂಬ ಕೊನೆಯ ತೀರ್ಮಾನವಾದದ್ದು ಸಂಖ್ಯೆಗಳು ಕಣ್ಣ ಮುಂದೆ ಬಂದ ಮೇಲೆಯೇ. ಹಾಗಿದ್ದೂ ಅವರ ಪರವಾಗಿ ಎರಡು ಸಂಗತಿಗಳು ನಿಲ್ಲುತ್ತವೆ. ದೋಷವನ್ನು ಅವರು ಬರೆದದ್ದು ಗ್ರಹಣದ ಮರುದಿನ, ಬ್ರೆಜಿಲ್‌ನ ಕತ್ತಲಕೋಣೆಯ ಪಕ್ಕದಲ್ಲಿ. ಆ ಪ್ಲೇಟುಗಳು ಯಾರ ಪರ ನುಡಿಯುತ್ತವೆ ಎಂಬುದು ಆಗ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಎರಡನೆಯದಾಗಿ, ಆ ಸಂಖ್ಯೆಯನ್ನು ಅವರು ಅಡಗಿಸಲಿಲ್ಲ. 1920ರಲ್ಲಿ ಅಚ್ಚಾದ ಅವರ ವರದಿಯಲ್ಲಿ 0.93 ಇದೆ, 1.52 ಇದೆ, ಫೋಕಸ್ ಕೆಟ್ಟ ಕತೆ ಇದೆ. ವಿಮರ್ಶಕರು ಅರವತ್ತು ವರ್ಷದ ಮೇಲೆ ಅವರನ್ನು ಕಟಕಟೆಗೆ ತಂದು ನಿಲ್ಲಿಸಲು ಸಾಧ್ಯವಾದದ್ದೇ ಅವರು ಬಿಟ್ಟುಹೋದ ಆ ಪುಟಗಳಿಂದ.

*

ಈಗ ನಾನು ಅಳಿಸಿದ ಚಿತ್ರಗಳ ಮಾತು.

ನನ್ನ ಸಂಶೋಧನೆಯ ವಿಷಯ ಹತ್ತೊಂಬತ್ತನೆಯ ಶತಮಾನದ ಬರಗಾಲ. ಹೋದ ವರ್ಷ ಒಂದು ಕಡೆ ಹಳೆಯ ಮಳೆಯ ಲೆಕ್ಕದ ಕಟ್ಟು ಸಿಕ್ಕಿತು. ಅದರ ಸಂಖ್ಯೆಗಳು ನನ್ನ ಅಧ್ಯಾಯದ ವಾದಕ್ಕೆ ಎದುರಾಗಿದ್ದವು. ಒಂದು ವಾರ ಕೂತು ಅದರಲ್ಲಿ ತಪ್ಪು ಹುಡುಕಿದೆ. ಸಿಕ್ಕಿತು ಕೂಡ: ಕೆಲವು ತಿಂಗಳ ಲೆಕ್ಕ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಒಟ್ಟಿಗೇ ಕೂತು ಬರೆದ ಹಾಗಿತ್ತು. ಹಾಗಾಗಿ ನಂಬಲರ್ಹವಲ್ಲ ಎಂದು ಪಕ್ಕಕ್ಕಿಟ್ಟೆ. ನನ್ನ ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. 'ನಿನ್ನ ವಾದಕ್ಕೆ ಹೊಂದಿದ ಕಟ್ಟುಗಳಲ್ಲೂ ಇದೇ ತಪ್ಪು ಹುಡುಕಿದೆಯೇನಮ್ಮ?' ನಾನು ಹುಡುಕಿರಲಿಲ್ಲ.

ಮಾಳಿಗೆಯ ಮೇಲೆ ಮಾಡಿದ್ದೂ ಅದನ್ನೇ. ಫೋಕಸ್ ಸರಿದ ಚಿತ್ರಗಳನ್ನು ಅಳಿಸಿದ ಮೇಲೆ ಉಳಿದವನ್ನು ನೋಡಿದರೆ ಆ ಲೆನ್ಸಿನಷ್ಟು ಒಳ್ಳೆಯ ಲೆನ್ಸಿಲ್ಲ. ಗೆಳೆಯನಿಗೆ ಅವನ್ನೇ ಕಳಿಸಿದ್ದರೆ ಅವನು ಅದನ್ನು ಹೊತ್ತುಕೊಂಡು ಲಡಾಖಿಗೋ ಇನ್ನೆಲ್ಲಿಗೋ ಹೋಗಿ, ಚಳಿಯ ರಾತ್ರಿಯಲ್ಲಿ ಊದಿದ ನಕ್ಷತ್ರಗಳನ್ನು ನೋಡಿ ಕಕ್ಕಾಬಿಕ್ಕಿಯಾಗುತ್ತಿದ್ದ. ಪರೀಕ್ಷೆ ಎಂದರೆ ಅದು ಕೈಕೊಡುವುದು ಯಾವಾಗ ಎಂದು ತಿಳಿಯುವುದು. ನಾನು ಅಳಿಸಿದ್ದು ಆ ತಿಳಿವನ್ನೇ.

ಮೂರನೆಯ ರಾತ್ರಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಂದು ನೋಟ್‌ಬುಕ್ಕಿನಲ್ಲಿ ಗಂಟೆ, ಚಳಿ, ಲೆನ್ಸಿನ ಬಾಯಿಯ ಅಳತೆ, ಮತ್ತು ಚಿತ್ರವನ್ನು ದೊಡ್ಡದು ಮಾಡಿ ನೋಡುವ ಮೊದಲೇ ನನಗೆ ಬಂದ ಅನುಮಾನ, ಇಷ್ಟನ್ನು ಬರೆದುಕೊಳ್ಳುತ್ತ ಹೋದೆ. ಬೆಳಿಗ್ಗೆಯ ಹೊತ್ತಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಲೆನ್ಸನ್ನು ಒಂದು ಗಂಟೆ ಹೊರಗಿಟ್ಟು ತಣ್ಣಗಾಗಲು ಬಿಟ್ಟು, ಆಮೇಲೆ ಅರ್ಧ ಗಂಟೆಗೊಮ್ಮೆ ಫೋಕಸ್ ಸರಿಮಾಡಿದರೆ ಅದು ನಂಬಿಕಸ್ತ. ಇಲ್ಲದಿದ್ದರೆ ಅಲ್ಲ.

*

1922ರಲ್ಲಿ ಆಸ್ಟ್ರೇಲಿಯಾದ ವಾಲಾಲ್ ಎಂಬ ಕಡಲತೀರದಲ್ಲಿ ಮತ್ತೊಂದು ಗ್ರಹಣವಾಯಿತು. ಲಿಕ್ ವೀಕ್ಷಣಾಲಯದ ಕ್ಯಾಂಬೆಲ್ ಮತ್ತು ಟ್ರಂಪ್ಲರ್ ಈ ಸಲ ಒಳ್ಳೆಯ ಲೆನ್ಸುಗಳೊಂದಿಗೆ ಹೋಗಿ, 1.75ಕ್ಕೆ ತೀರ ಹತ್ತಿರದ ಉತ್ತರ ತಂದರು. ಕೊಡೈಕೆನಾಲ್‌ನಿಂದ ಜಾನ್ ಎವರ್‌ಶೆಡ್ ನೇತೃತ್ವದ ತಂಡವೂ ಅಲ್ಲಿಗೆ ಹೋಗಿತ್ತು. ಅವರಿಗೆ ಉಪಕರಣ ಕೈಕೊಟ್ಟಿತು, ಉತ್ತರ ಸಿಗಲಿಲ್ಲ. ಇವತ್ತು ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿರುವ ಅದೇ ಕೊಡೈಕೆನಾಲ್ ವೀಕ್ಷಣಾಲಯ ಅದು.

ಕೊನೆಯದಾಗಿ ಒಂದು ಸಂಗತಿ. 2017ರ ಆಗಸ್ಟ್ 21ರಂದು ಅಮೆರಿಕದ ಉದ್ದಕ್ಕೂ ಖಗ್ರಾಸ ಗ್ರಹಣವಾದಾಗ, ಡೊನಾಲ್ಡ್ ಬ್ರನ್ಸ್ ಎಂಬ ನಿವೃತ್ತ ಭೌತವಿಜ್ಞಾನಿ ವಯೋಮಿಂಗ್‌ನ ಬೆಟ್ಟವೊಂದರ ಮೇಲೆ ತಮ್ಮ ದೂರದರ್ಶಕ ಹೂಡಿದರು. ಅಂಗಡಿಯಲ್ಲಿ ಸಿಗುವ, ಒಬ್ಬರೇ ಎತ್ತಿಕೊಂಡು ಹೋಗಬಹುದಾದ ಲೆನ್ಸು. ಎರಡೂವರೆ ನಿಮಿಷಕ್ಕೂ ಕಡಿಮೆ ಕತ್ತಲು. ಗಾಜಿನ ಪ್ಲೇಟಿನ ಬದಲು ಡಿಜಿಟಲ್ ಕ್ಯಾಮೆರಾ, ತಿಂಗಳುಗಟ್ಟಲೆ ಕಾಯುವ ಬದಲು ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಪಟ್ಟಿ. ಅವರಿಗೆ ಬಂದ ಉತ್ತರ 1.75, ನೂರಕ್ಕೆ ಮೂರರಷ್ಟು ಹೆಚ್ಚುಕಡಿಮೆಯಲ್ಲಿ. ಆ ಲೆನ್ಸಿನ ಅಗಲ 101 ಮಿಲಿಮೀಟರ್. ಅಂದರೆ ನಾಲ್ಕು ಇಂಚು.

ಗೆಳೆಯನಿಗೆ ಲೆನ್ಸು ವಾಪಸು ಕೊಡುವಾಗ ಆ ನೋಟ್‌ಬುಕ್ಕಿನ ಪುಟಗಳನ್ನೂ ಕೊಟ್ಟೆ. ಬರಗಾಲದ ಅಧ್ಯಾಯದಲ್ಲಿ ಈಗ ಒಂದೂವರೆ ಪುಟ ಹೆಚ್ಚಾಗಿದೆ. ಆ ಕಟ್ಟಿನ ಸಂಖ್ಯೆಗಳು ಅಲ್ಲಿವೆ, ಅವನ್ನು ನಾನೇಕೆ ಪೂರ್ತಿ ನಂಬಲಿಲ್ಲ ಎಂಬುದೂ ಇದೆ. ಇದೇ ತಪ್ಪು ನನಗೆ ಬೇಕಾದ ಇನ್ನೆರಡು ಕಟ್ಟುಗಳಲ್ಲೂ ಸಿಕ್ಕಿತು ಎಂಬುದೂ ಇದೆ. ವಾದ ಮೊದಲಿನಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಮುಂದೆ ಯಾರಾದರೂ ಅದನ್ನು ಮತ್ತೆ ಅಳೆಯಬೇಕೆಂದರೆ, ಬೇಕಾದದ್ದೆಲ್ಲ ಅಲ್ಲಿದೆ.